ಐದನೆಯ ಜಾಲರಿ

ಮಧ್ಯಾಹ್ನ ಸೊಸೆ ಮನೆಯೊಳಗೆ ಕಾಲಿಟ್ಟ ಕೂಡಲೇ ಅತ್ತೆ ಕೇಳುತ್ತಿದ್ದ ಮಾತು ಒಂದೇ. "ಇವತ್ತು ಬಂದಿದ್ನಾ?"

ಸೊಸೆ ಹೊಸಿಲ ಬಳಿ ಗಂಬೂಟು ಕಳಚುತ್ತ, ತಲೆ ಎತ್ತದೆ, "ಬಂದಿದ್ರು ಅತ್ತೆ" ಅನ್ನುತ್ತಿದ್ದಳು. ಮುದುಕಿ ತಟ್ಟೆಗೆ ಕೈ ಹಾಕುತ್ತಿದ್ದದ್ದು ಆಮೇಲೆಯೇ.

ಬರುತ್ತಿದ್ದವನು ಅಂದರೆ ಸೊಸೆಯ ಗಂಡ, ಮುದುಕಿಯ ಒಬ್ಬನೇ ಮಗ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು.

ಅವನು ಮಾಡುತ್ತಿದ್ದ ಕೆಲಸವನ್ನೇ ಈಗ ಅವಳು ಮಾಡುತ್ತಿದ್ದಳು. ಹೊಳೆಯಿಂದ ಕಾಲುವೆಗೆ ನೀರು ತಿರುಗುವ ಕಡೆ ಒಂದು ಗೇಟು. ಗೇಟು ದಾಟಿ ಹತ್ತು ಹೆಜ್ಜೆಗೆ, ನೀರಿಗೆ ಅಡ್ಡಲಾಗಿ ಸ್ವಲ್ಪ ಓರೆಗೆ ನಿಲ್ಲಿಸಿದ ಐದು ಉಕ್ಕಿನ ಜಾಲರಿಗಳು. ಒಂದೊಂದೂ ಬಾಗಿಲಿನಷ್ಟು ಅಗಲ, ಆಳೆತ್ತರ. ನೀರು ಜಾಲರಿ ದಾಟಿ ಕಾಲುವೆಗೆ ಹೋಗಬೇಕು, ಮೀನು ದಾಟಬಾರದು. ಮೀನು ಆ ಓರೆಯ ಉದ್ದಕ್ಕೂ ಜಾರಿಕೊಂಡು ಬಂದು, ಐದನೆಯ ಜಾಲರಿಯ ಪಕ್ಕದ ಕೊಳವೆಗೆ ಇಳಿದು, ಬಂದ ಹೊಳೆಗೇ ವಾಪಸು ಸೇರಬೇಕು. ಕೇಳುವುದಕ್ಕೆ ಸಲೀಸು. ಆದರೆ ಹೊಳೆ ಬರೀ ನೀರನ್ನು ತರುತ್ತದೆಯೇ? ಎಲೆ, ಕಡ್ಡಿ, ಪಾಚಿ, ಹರಿದ ಚೀಲ, ಯಾರದೋ ಒಂಟಿ ಚಪ್ಪಲಿ, ಅದರ ಜೊತೆಗೆ ಯಾರ ಕಣ್ಣಿಗೂ ಬೀಳದ ಹೂಳು. ಕಸವನ್ನು ಎಳೆಯದೆ ಬಿಟ್ಟರೆ ಜಾಲರಿಯ ಕಣ್ಣುಗಳು ಮುಚ್ಚಿಹೋಗುತ್ತವೆ. ಉಳಿದ ಕಣ್ಣುಗಳಲ್ಲಿ ನೀರು ಮೈಮೇಲೆ ಬಂದಂತೆ ನುಗ್ಗುತ್ತದೆ. ಉಗುರಿನಷ್ಟಿರುವ ಮರಿಮೀನಿಗೆ ಆ ಸೆಳೆತ ತಪ್ಪಿಸಿಕೊಳ್ಳುವ ತ್ರಾಣ ಎಲ್ಲಿಂದ ಬರಬೇಕು? ಅಂಟಿಕೊಂಡಲ್ಲೇ ಸಾಯುತ್ತದೆ. ಅದಕ್ಕೇ ಅವಳು ದಿನಕ್ಕೆ ಮೂರು ಸಲ ಜಾಲರಿಗಳ ಮೇಲಿನ ಹಲಗೆದಾರಿಯಲ್ಲಿ ನಿಂತು, ಉದ್ದ ಹಿಡಿಯ ಹಲ್ಲಿನ ಕೋಲನ್ನು ನೀರಿಗಿಳಿಸಿ, ಬುಡದಿಂದ ಮೇಲಕ್ಕೆ ಕಸ ಎಳೆಯುತ್ತಿದ್ದಳು. ಹದಿನಾರು ವರ್ಷ ಗಂಡನಿಗೆ ಬುತ್ತಿ ಒಯ್ದು ಕೊಟ್ಟು, ಅವನು ಉಣ್ಣುವಾಗ ಕೋಲು ತಾನು ಹಿಡಿದವಳು. ಆ ಕೆಲಸಕ್ಕೆ ಕಚೇರಿಯವರು ಬೇರೆ ಯಾರನ್ನೂ ಹುಡುಕಲು ಹೋಗಲಿಲ್ಲ.

ವರ್ಷಕ್ಕೊಮ್ಮೆ ಎರಡು ದಿನ ಗೇಟು ಮುಚ್ಚಿ, ಜಾಲರಿಯ ಹಿಂದೆ ಕೂತ ಹೂಳನ್ನು ಸಲಿಕೆಯಿಂದ ತೆಗೆಯಬೇಕು. ಅಲ್ಲಿ ಕಾಲುವೆ ಬಳಸಿಕೊಂಡು ತಿರುಗುವುದರಿಂದ ಐದನೆಯದರ ಬೆನ್ನಿಗೇ ಹೂಳು ಹೆಚ್ಚು. ಆ ವರ್ಷ ಅವನು ಅದನ್ನು ಅರ್ಧ ತೆಗೆದಿದ್ದ ಅಷ್ಟೇ. ಎದೆ ಹಿಡಿದುಕೊಂಡು ಮೇಲೆ ಹತ್ತಿ ಬಂದವನು ಮತ್ತೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಅಷ್ಟರಲ್ಲಿ ರೈತರಿಂದ ನೀರಿಗೆ ಕೂಗಾಟ ಶುರುವಾಗಿ ಗೇಟು ತೆರೆದರು. "ಐದನೇದು ಹಾಗೇ ಬಿಡು. ಅದನ್ನ ನಾನೇ ಬಂದು ನೋಡ್ಕೋತೀನಿ" ಎಂದು ಹೆಂಡತಿಗೆ ಹೇಳಿದ. ತಾಯಿಯೂ ಮಂಚದ ಪಕ್ಕದಲ್ಲೇ ಕೂತಿದ್ದಳು. ಅವಳ ಕಿವಿಗೆ ಬಿದ್ದ ಮಗನ ಕೊನೆಯ ಮಾತು ಅದೇ.

ಅವನು ಹೋಗಿ ಎರಡು ವಾರಕ್ಕೆ, ಒಂದು ಮಂಜಿನ ಬೆಳಿಗ್ಗೆ, ಅವಳು ಹಲಗೆದಾರಿ ಹತ್ತಿದಳು. ಹಿಂದಿನ ಸಂಜೆ ಗಾಳಿ ಬೀಸಿತ್ತು. ಮೊದಲ ನಾಲ್ಕು ಜಾಲರಿಗಳು ಕಂಬಳಿ ಹೊದ್ದಂತೆ ಎಲೆ ಹೊದ್ದಿದ್ದವು. ಒಂದೊಂದಕ್ಕೂ ಕೈ ಸೋಲುವಷ್ಟು ಎಳೆದಳು. ಐದನೆಯದಕ್ಕೆ ಬಂದು ಕೋಲು ಇಳಿಸಿದರೆ ಅದರ ಹಲ್ಲಿಗೆ ಏನೂ ಸಿಗಲಿಲ್ಲ. ಬಗ್ಗಿ ನೋಡಿದಳು. ಒಂದು ಎಲೆ ಇಲ್ಲ, ಒಂದು ಎಳೆ ಪಾಚಿ ಇಲ್ಲ. ಯಾರೋ ಆಗಷ್ಟೇ ಉಜ್ಜಿ ತೊಳೆದಿಟ್ಟ ಹಾಗಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ.

ಗೇಟಿನ ಕೆಲಸದವನನ್ನು ಎಲ್ಲರೂ ನಾಳೆಯಪ್ಪ ಅನ್ನುತ್ತಿದ್ದರು. ಏನು ಕೇಳಿದರೂ ನಾಳೆ ಮಾಡೋಣ ಅನ್ನುವವನು. ಅವನು ಕೂಡ ಬಂದು ನೋಡಿದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಅಕ್ಕಾ, ಇದು ನೀವು ಎಳೆದದ್ದಲ್ಲ ತಾನೇ?"

"ನಾನು ಈಗ ಬರ್ತಿದೀನಿ."

"ನಾನೂ ಅಲ್ಲ," ಎಂದ ನಾಳೆಯಪ್ಪ. ಅವನು ಎಳೆದಿರಬಹುದು ಎಂದು ಯಾರೂ ಕನಸಿನಲ್ಲೂ ಅಂದುಕೊಳ್ಳುತ್ತಿರಲಿಲ್ಲ. ಆದರೂ ಹೇಳಿ ಮುಗಿಸಿದ. ಅಂದಿನಿಂದ ಅವನು ಕೊಳವೆಯ ಕಡೆ ಹೋಗಬೇಕಾದರೆ ಹಲಗೆದಾರಿ ಬಿಟ್ಟು, ಮುಳ್ಳು ತರಚಿಸಿಕೊಂಡಾದರೂ ಸರಿ, ದಂಡೆ ಸುತ್ತಿ ಹೋಗುತ್ತಿದ್ದ.

ಮನೆಯಲ್ಲಿ ಅತ್ತೆ ಆಗ ಊಟ ಬಿಟ್ಟಿದ್ದಳು. ಬೇಡ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದಳು. ಹಾಗೆ ಕೂತವಳ ಮುಂದೆ, ಒಂದು ಮಧ್ಯಾಹ್ನ, ಬೇರೇನು ಮಾತಾಡಬೇಕೆಂದು ತೋಚದೆ ಸೊಸೆ ಐದನೆಯ ಜಾಲರಿಯ ವಿಷಯ ಹೇಳಿದಳು. ಮುದುಕಿ ಗೋಡೆಯಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದಳು.

"ಹೇಳಿದ್ನಲ್ಲ, ಬಂದು ನೋಡ್ಕೋತೀನಿ ಅಂತ," ಎಂದಳು. ಆಮೇಲೆ, ಎಷ್ಟೋ ದಿನದ ಹಸಿವೆಲ್ಲ ಒಟ್ಟಿಗೆ ನೆನಪಾದವಳಂತೆ ಉಂಡಳು. ಸಾರಿಗೆ ಉಪ್ಪು ಕಮ್ಮಿ, ನಿನ್ನ ಕೈಗೆ ಉಪ್ಪು ಹಾಕೋದೂ ಭಾರ ಅಂತ ಬೈದಳು ಕೂಡ. ಆ ಬೈಗುಳ ಕೇಳಿ ಸೊಸೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಮನೆಗೆ ಜೀವ ಬಂದಂತಾಯಿತು.

ಅವಳು ತಾನೂ ನಂಬಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಳಿದ ನಾಲ್ಕು ಜಾಲರಿಗಳ ಮುಂದೆ ನೀರು ಸದಾ ಕದಡಿ ಸುಕ್ಕುಗಟ್ಟಿರುತ್ತಿತ್ತು. ಐದನೆಯದರ ಮುಂದೆ ಮಾತ್ರ ಕನ್ನಡಿ ಹಾಸಿದಂತೆ ನಿಂತಿರುತ್ತಿತ್ತು. ಗಂಡನ ಮಳೆಕೋಟನ್ನೇ ಅವಳು ತೊಡುತ್ತಿದ್ದಳು, ಟೋಪಿ ಹಣೆಯವರೆಗೆ ಇಳಿಯುತ್ತಿತ್ತು. ಬಗ್ಗಿದಾಗ ಕೆಳಗಿನಿಂದ ಅದೇ ಕೋಟು ತೊಟ್ಟವನೊಬ್ಬ ಬಗ್ಗಿ ನೋಡುತ್ತಿದ್ದ. ತನ್ನದೇ ನೆರಳು ಎಂದು ಗೊತ್ತಾಗುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಬೇಕಾಗುತ್ತಿತ್ತು. ಆ ಒಂದು ಉಸಿರಿಗಾಗಿಯೇ ಅವಳು ಬೇಕೆಂದು ಬಗ್ಗುತ್ತಿದ್ದಳು. ಆ ನಿಂತ ನೀರಿನಲ್ಲಿ ಮರಿಮೀನುಗಳು ಗುಂಪುಗಟ್ಟಿ, ಎಲ್ಲವೂ ಒಂದೇ ಕಡೆ ತಲೆ ಮಾಡಿ, ಯಾರೋ ಏನೋ ಹೇಳುವುದನ್ನು ಕೇಳಿಸಿಕೊಳ್ಳುತ್ತಿರುವಂತೆ ತಟಸ್ಥವಾಗಿ ನಿಂತಿರುತ್ತಿದ್ದವು.

ಹೀಗೆ ಆರು ತಿಂಗಳು ಕಳೆಯಿತು. ಒಂದು ದಿನ ಮಳೆಕೋಟಿನ ಜೇಬಿನಲ್ಲಿ ಅವಳ ಕೈಗೆ ಒಂದು ತುಂಡು ಉಣ್ಣೆ ದಾರ ಸಿಕ್ಕಿತು. ಅದು ಯಾಕೆ ಅಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವನು ಅದನ್ನು ಕಡ್ಡಿಯ ತುದಿಗೆ ಕಟ್ಟಿ ಜಾಲರಿಯ ಮುಂದೆ ಹಿಡಿಯುತ್ತಿದ್ದ. ನೀರು ಒಳಗೆ ಹೋಗುತ್ತಿದ್ದರೆ ದಾರ ಜಾಲರಿಯ ಕಡೆ ಚಾಚಿಕೊಳ್ಳುತ್ತದೆ. ಅವಳೂ ಹಿಡಿದಳು. ಮೊದಲನೆಯದರ ಮುಂದೆ ದಾರ ಸೆಟೆಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದರ ಮುಂದೆ ಕಡ್ಡಿಯನ್ನೇ ಕಿತ್ತುಕೊಳ್ಳುವಂತೆ ಎಳೆಯಿತು. ಐದನೆಯದರ ಮುಂದೆ ದಾರ ನೆಟ್ಟಗೆ ಕೆಳಕ್ಕೆ ಜೋತುಬಿತ್ತು. ಅಲ್ಲಾಡಲಿಲ್ಲ.

ಹದಿನಾರು ವರ್ಷ ಆ ಕೆಲಸ ನೋಡಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರು ಹೋದ ಕಡೆ ತಾನೇ ಕಸ ಹೋಗುವುದು? ಹಿಂದೆ ಹೂಳು ಸೊಂಟಮಟ್ಟಕ್ಕೆ ಬೆಳೆದು ನಿಂತಿತ್ತು, ಐದನೆಯ ಜಾಲರಿಯಲ್ಲಿ ನೀರೇ ದಾಟುತ್ತಿರಲಿಲ್ಲ. ಅದಕ್ಕೇ ಅದು ತೊಳೆದಿಟ್ಟಂತೆ ಇದ್ದದ್ದು. ಐದು ಬಾಗಿಲಿನ ನೀರು ನಾಲ್ಕು ಬಾಗಿಲಲ್ಲಿ ನುಗ್ಗುತ್ತಿತ್ತು. ಕೊಳೆಯಾದ ಜಾಲರಿಯನ್ನು ಯಾರು ಬೇಕಾದರೂ ಗುರುತಿಸಿಯಾರು; ಚೊಕ್ಕಟವಾದದ್ದರ ಮೇಲೆ ಅನುಮಾನ ಪಡುವುದನ್ನು ಗಂಡ ಅವಳಿಗೆ ಕಲಿಸಿಯೇ ಇದ್ದ. ಅವನ ಮೇಲಿನ ಆಸೆಗೆ ಅವಳು ಅವನ ಪಾಠವನ್ನೇ ಮರೆತಿದ್ದಳು.

ಅವತ್ತು ಮನೆಗೆ ಹೋದಾಗಲೂ ಅತ್ತೆ ಕೇಳಿದಳು. ತಟ್ಟೆ ಮುಂದಿತ್ತು. ಸೊಸೆ ಗಂಬೂಟು ಕಳಚುತ್ತ, "ಬಂದಿದ್ರು ಅತ್ತೆ" ಎಂದಳು.

ಮರುದಿನದಿಂದ ಅವಳು ದಿನಕ್ಕೆ ಮೂರಲ್ಲ, ಆರು ಸಲ ಕಸ ಎಳೆದಳು. ಉಳಿದ ನಾಲ್ಕನ್ನು ಕನ್ನಡಿಯಂತೆ ಇಟ್ಟುಕೊಂಡರೆ ಮರಿಗಳು ಬದುಕಿಯಾವು ಎಂಬ ಲೆಕ್ಕಾಚಾರ. ಅಂಗೈ ಬೊಬ್ಬೆ ಎದ್ದಿತು. ಬೆಳಿಗ್ಗೆ ಎದ್ದರೆ ಹೆಗಲು ಎತ್ತಲಾಗುತ್ತಿರಲಿಲ್ಲ. ಹೀಗೇಕೆ ಒದ್ದಾಡ್ತೀರಿ ಅಕ್ಕ, ನಾಳೆ ಎಳೆದರಾಗದೇ ಅಂತ ನಾಳೆಯಪ್ಪ ಕೇಳಿದರೆ ಈ ವರ್ಷ ಕಸ ಹೆಚ್ಚು ಅಂದುಬಿಟ್ಟಳು. ಎರಡು ತಿಂಗಳು ಹೀಗೇ ಬಾಯಿಗೆ ಬೀಗ ಹಾಕಿಕೊಂಡು ನಡೆಸಿದಳು. ಕೋಲಿನ ಹಲ್ಲಿಗೆ ಎಲೆಗಳ ಜೊತೆ ಬೆಳ್ಳಗೆ ಏನಾದರೂ ಮಿಂಚಿದರೆ ಅತ್ತ ನೋಡದೆ ಬುಟ್ಟಿಗೆ ಹಾಕುತ್ತಿದ್ದಳು. ನೋಡದಿದ್ದರೂ ಅವು ಕಾಣುತ್ತಿದ್ದವು. ಊಟಕ್ಕೆ ಕೂತಾಗ ಅತ್ತೆಯ ಒಂದೊಂದು ತುತ್ತಿನ ಜೊತೆಗೂ ಕಾಣುತ್ತಿದ್ದವು.

ಆಗ ಮೀನಿನ ಮೇಡಂ ಬಂದರು. ಹೊಳೆಯ ಮೀನುಗಳ ಲೆಕ್ಕ ಇಡುವ ಹೆಂಗಸು. ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದರು. ಬೆಳಗಿನಿಂದ ಬಲೆ ಹಿಡಿದು ಜಾಲರಿಗಳ ಮುಂದೆ ಕೂತವರು, ಮಧ್ಯಾಹ್ನದ ಹೊತ್ತಿಗೆ ಒಂದು ಗಾಜಿನ ಭರಣಿಯನ್ನು ಅವಳ ಕೈಗೆ ಕೊಟ್ಟರು. ಅದರ ತಳದಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದಿದ್ದವು.

"ಇದರ ಮೈ ನೋಡಮ್ಮ," ಎಂದರು ಮೇಡಂ. ಒಂದನ್ನು ಬೆರಳ ತುದಿಗೆ ತೆಗೆದುಕೊಂಡು ತೋರಿಸಿದರು. ಪಕ್ಕೆಯ ಮೇಲೆ ಜಾಲರಿಯ ಕಣ್ಣುಗಳು ಅಚ್ಚೊತ್ತಿದ್ದವು, ಚೌಕ ಚೌಕವಾಗಿ. ಮೇಡಂ ಬೈಯಲಿಲ್ಲ. ಜಾಲರಿಗಳನ್ನು ಇಷ್ಟು ಚೊಕ್ಕವಾಗಿ ಇಟ್ಟಿದೀಯ, ಆದರೂ ಯಾಕೆ ಸಾಯ್ತಿವೆ ಅಂತ ನನಗೆ ಅರ್ಥ ಆಗ್ತಿಲ್ಲ ಎಂದು ಹೇಳಿ, ಹಣೆ ಉಜ್ಜಿಕೊಂಡರು. ಹೊಳೆಯ ಮೇಲ್ಗಡೆಯ ಕಲ್ಲುಗಳ ನಡುವೆ ಮೊಟ್ಟೆ ಒಡೆದು ಈ ವರ್ಷದ ಮರಿಗಳ ದಂಡು ಇನ್ನೆಂಟು ದಿನಕ್ಕೆ ಇಳಿದು ಬರುತ್ತದೆ, ಇದು ಹೀಗೇ ಇದ್ದರೆ ಅಷ್ಟೂ ಇಲ್ಲೇ ಮುಗಿಯುತ್ತವೆ ಎಂದೂ ಹೇಳಿದರು.

ಭರಣಿ ತಣ್ಣಗಿತ್ತು. ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಬೈದಿದ್ದರೆ ಬಹುಶಃ ಇನ್ನೊಂದು ಸುಳ್ಳು ಹೇಳುತ್ತಿದ್ದಳೇನೋ. ಹೊಗಳಿದ್ದು ಅವಳನ್ನು ಮುರಿಯಿತು.

"ಐದನೇದು ಸತ್ತಿದೆ ಮೇಡಂ. ನಂಗೆ ಗೊತ್ತಿತ್ತು," ಎಂದಳು.

ಎರಡು ದಿನ ಗೇಟು ಮುಚ್ಚುವುದೆಂದಾಯಿತು. ನಾಳೆಯಪ್ಪ ಆ ದಿನ ಮೊದಲ ಬಾರಿಗೆ ನಾಳೆ ಅನ್ನದೆ ಗೇಟಿನ ಚಕ್ರ ತಿರುಗಿಸಿದ.

ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: ಹೂಳು ತೆಗೆಯಬೇಕು, ನೀರು ನಿಲ್ಲಿಸಿದ್ದಾರೆ. ಮುದುಕಿ, ನೀರು ನಿಲ್ಲಿಸಿದರೆ ಅವನು ಬಂದು ಏನು ಮಾಡಬೇಕು, ಸುಮ್ಮನೆ ಕಾಯುತ್ತ ನಿಂತಿರುತ್ತಾನೆ ಎಂದಳು. ನಾನೂ ಬರುತ್ತೇನೆ ಎಂದು ಊರುಗೋಲು ಹುಡುಕಿದಳು. ಎಂಟು ತಿಂಗಳಿಂದ ಹೊಸಿಲು ದಾಟದವಳು. ಮಂಡಿನೋವು ಅಂದರೆ ಕೇಳಲಿಲ್ಲ, ದೂರ ಅಂದರೆ ಕೇಳಲಿಲ್ಲ.

ನೀರು ಬಸಿದುಹೋದ ಮೇಲೆ ಜಾಲರಿಯ ಹಿಂದೆ ಹೂಳು ಕಪ್ಪಗೆ, ಮಲಗಿದ ದನದ ಬೆನ್ನಿನಂತೆ ಕಂಡಿತು. ನಾಳೆಯಪ್ಪ ಒಂದು ಬಕೆಟ್ಟನ್ನು ಬೋರಲು ಹಾಕಿ ಮುದುಕಿಯನ್ನು ದಂಡೆಯ ಮೇಲೆ ಕೂರಿಸಿದ. ಸೊಸೆ ಏಣಿ ಇಳಿದು ಹೋಗಿ, ಹೂಳಿನ ಮೇಲ್ಮೈಯನ್ನು ಸಲಿಕೆಯಿಂದ ಕೆರೆದಳು. ಎರಡು ಮೂರು ಸಲ ಕೆರೆದವಳು ಸಲಿಕೆ ನಿಲ್ಲಿಸಿದಳು.

ಕಪ್ಪು ಹೂಳಿನ ನಡುವೆ ಬಿಳಿಚಿಕೊಂಡ ಹಳದಿ ಮಣ್ಣಿನ ಒಂದು ತೇಪೆ ಇತ್ತು. ಅಂಚು ಗೆರೆ ಎಳೆದಷ್ಟು ನೇರ. ಅವನು ಅಂದು ತೋಡಿ ಬಿಟ್ಟುಹೋದ ಗುಂಡಿ. ಗೇಟು ತೆರೆದ ಮೇಲೆ ಹೊಸ ಹೂಳು ನುಣ್ಣಗೆ ಬಂದು ಆ ಗುಂಡಿಯನ್ನು ತುಂಬಿತ್ತು, ಹಳೆಯದರ ಜೊತೆ ಬೆರೆಯದೆ ಬೇರೆಯಾಗಿಯೇ ನಿಂತಿತ್ತು. ಸಲಿಕೆ ಬಿದ್ದ ಒಂದೊಂದು ಗುರುತೂ ಅಂಚಿನಲ್ಲಿ ಉಳಿದಿತ್ತು. ಎಲ್ಲವೂ ಬಲಗಡೆಗೆ ವಾಲಿದ್ದವು.

"ಎಡಗೈಯವನ ಕೆಲಸ ಅದು," ಎಂದಳು ಮುದುಕಿ ಮೇಲಿನಿಂದ. ಅವಳ ಕಣ್ಣು ಅಷ್ಟು ಚುರುಕಾಗಿದ್ದದ್ದು ಸೊಸೆಗೆ ಗೊತ್ತಿರಲಿಲ್ಲ. "ಎಷ್ಟು ಹೊಡೆದ್ರೂ ಎಡಗೈ ಬಿಡಲಿಲ್ಲ ಕಳ್ಳ."

ಇನ್ನು ಮುಚ್ಚಿಡುವುದು ಸೊಸೆಯ ಕೈಯಲ್ಲಿ ಆಗಲಿಲ್ಲ. ಸಲಿಕೆಗೆ ಒರಗಿ ನಿಂತು ಹೇಳಿದಳು.

"ಅತ್ತೆ, ಅವರು ಬರ್ತಿರ್ಲಿಲ್ಲ. ಜಾಲರಿ ಯಾರೂ ತೊಳೀತಿರ್ಲಿಲ್ಲ. ಇಲ್ಲಿ ನೀರೇ ಬರ್ತಿರ್ಲಿಲ್ಲ, ಅದಕ್ಕೆ ಕಸ ಇರಲಿಲ್ಲ. ನಂಗೆ ಎರಡು ತಿಂಗಳಿಂದ ಗೊತ್ತಿತ್ತು. ನೀವು ಊಟ ಬಿಡ್ತೀರಿ ಅಂತ ಹೇಳಲಿಲ್ಲ."

ನಾಳೆಯಪ್ಪ ಬಾಂಡಲಿ ಕೆಳಗಿಟ್ಟು ಬೇರೆ ಕಡೆ ನೋಡಿದ. ಮುದುಕಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗಲ್ಲ ಊರಿ ಕೂತಿದ್ದಳು.

"ಮತ್ತೆ ಇದು ಯಾರದು?" ಎಂದು ತೇಪೆಯ ಕಡೆ ಗಲ್ಲ ಚಾಚಿದಳು.

"ಇದು ಅವರದೇ."

"ಹಾಗಿದ್ರೆ ಬರ್ತಿರ್ಲಿಲ್ಲ ಅಂತ ಯಾಕೆ ಹೇಳ್ತೀಯ? ಎಂಟು ತಿಂಗಳಿಂದ ಇಲ್ಲೇ ಇದ್ದಾನೆ. ಬರೋಕೆ ಅವನು ಎಲ್ಲಿಗೆ ಹೋಗಿದ್ದ?" ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ಅದನ್ನ ಮುಟ್ಟಬೇಡ" ಎಂದಳು.

ಕಪ್ಪು ಹೂಳು ರಾಶಿ ಬಿದ್ದಿತ್ತು, ಇದ್ದದ್ದು ಎರಡು ದಿನ. ಸೊಸೆ ಮುಟ್ಟಬಾರದ್ದನ್ನು ಬಿಟ್ಟು ಸುತ್ತಲಿನದನ್ನು ತೆಗೆಯತೊಡಗಿದಳು. ಅವಳು ಬಾಂಡಲಿ ತುಂಬಿದಳು, ನಾಳೆಯಪ್ಪ ಹಗ್ಗದಲ್ಲಿ ಎಳೆದು ದಂಡೆಗೆ ಸುರಿದ. ಸಂಜೆಯವರೆಗೆ ತೆಗೆದರು, ಮರುದಿನ ಬೆಳಕು ಹರಿದ ಮೇಲೆ ಮತ್ತೆ ಶುರು ಮಾಡಿದರು. ಮುದುಕಿ ಎರಡೂ ದಿನ ಬಕೆಟ್ಟಿನ ಮೇಲೆ ಕೂತಿದ್ದಳು. ಸಲಿಕೆ ಹೀಗೆ ಹಿಡಿ, ಹಾಗಲ್ಲ, ಸೊಂಟ ಮುರಿದುಕೊಳ್ಳಬೇಡ ಎಂದು ಆಗಾಗ ಬೈಯುತ್ತಿದ್ದಳು. ಸೊಸೆ ಬಿಚ್ಚಿ ಕೊಟ್ಟ ಬುತ್ತಿಯನ್ನು ಏನೂ ಕೇಳದೆ ಉಂಡಳು.

ಕಪ್ಪು ಹೂಳು ಇಳಿಯುತ್ತ ಹೋದಂತೆ ಆ ಬಿಳಿಚಿದ ಮಣ್ಣು ಮೇಲೇಳುತ್ತ ಬಂತು. ಗುಂಡಿ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ, ಗುಂಡಿಯ ಒಳಗನ್ನು ಹೊರಕ್ಕೆ ಮಗುಚಿದಂತೆ, ಸೊಂಟದೆತ್ತರದ ಗಟ್ಟಿ. ಮೇಲೆ ಅಗಲ, ಕೆಳಕ್ಕೆ ಕಿರಿದು, ಒಂದು ಪಕ್ಕಕ್ಕೆ ಸ್ವಲ್ಪ ವಾಲಿ. ಬುಡದ ಕಪ್ಪನ್ನು ಅವಳು ಕೈಯಿಂದಲೇ ಕೆರೆದು ತೆಗೆಯುವಾಗ ಬೆರಳಿಗೆ ದುಂಡಗೆ ಏನೋ ತಾಗಿತು. ಬಿಡಿಸಿದಳು. ಗಂಬೂಟಿನ ಮೂತಿ. ಪಕ್ಕದಲ್ಲಿ ಇನ್ನೊಂದು. ಕೊನೆಯ ದಿನ ಅವನು ನಿಂತಿದ್ದ ಎರಡು ಹೆಜ್ಜೆಗಳ ಗುಳಿಯನ್ನು ನುಣ್ಣನೆ ಮಣ್ಣು ತುಂಬಿ ಬೂಟಿನ ಗೆರೆಗಳ ಸಮೇತ ಎರಕ ಹೊಯ್ದಿತ್ತು.

ನಾಳೆಯಪ್ಪ ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕಾಲುವೆಯ ಸಿಮೆಂಟು ತಳ ಕಣ್ಣು ಹಾಯುವಷ್ಟು ದೂರ ಚೊಕ್ಕವಾಗಿತ್ತು. ಅದರ ನಡುವೆ, ಐದನೆಯ ಜಾಲರಿಗೆ ಮುಖಮಾಡಿ, ಸೊಂಟದವರೆಗಿನ ಒಬ್ಬ ಮನುಷ್ಯ ಎರಡು ಕಾಲ ಮೇಲೆ ನಿಂತಿದ್ದ. ಬಿಸಿಲಿಗೆ ಅವನ ಮೈಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಹೊತ್ತು ವಾಲುತ್ತಿತ್ತು, ಗೇಟು ತೆರೆಯುವ ಸಮಯ ಆಗಿತ್ತು. ಮೇಡಂ ಹೇಳಿದ್ದರು, ಜಾಲರಿಯ ಹಿಂದೆ ಏನೂ ಉಳಿಯಬಾರದು. ಸೊಸೆ ಸಲಿಕೆ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಆ ಹೆಗಲಿಲ್ಲದ ಮೈಗೆ ಎಲ್ಲಿಂದ ಏಟು ಹಾಕುವುದು? ನಾಳೆಯಪ್ಪನ ಕಡೆ ನೋಡಿದರೆ ಅವನು ಕೈ ಅಡ್ಡ ಆಡಿಸಿದ. ಕೊನೆಗೆ ಮುದುಕಿಯ ಕಡೆ ನೋಡಿದಳು.

"ಸಲಿಕೆ ಹಾಕಬೇಡ. ನೀರು ಬಿಡು. ಅವನಿಗೆ ನೀರಿನ ಜೊತೆ ಹೋಗೋದು ಗೊತ್ತು," ಎಂದಳು ಮುದುಕಿ.

ಸೊಸೆ ಏಣಿ ಹತ್ತಿ ಹಲಗೆದಾರಿಗೆ ಬಂದಳು. ನಾಳೆಯಪ್ಪ ಚಕ್ರ ತಿರುಗಿಸಿದ. ನೀರು ಮೊದಲು ತೆಳ್ಳಗೆ, ನೆಲ ಒರೆಸುವಂತೆ ಬಂತು. ಐದನೆಯ ಜಾಲರಿಯನ್ನು ದಾಟಿ ಬೂಟುಗಳನ್ನು ಮುಟ್ಟಿತು. ಬೂಟಿನ ಗೆರೆಗಳು ಕ್ಷಣದಲ್ಲಿ ಅಳಿಸಿಹೋದವು. ನೀರು ಮೊಣಕಾಲಿನಷ್ಟಾಯಿತು. ಆಕಾರ ಒಮ್ಮೆ ತೂಗಿತು, ಹೆಜ್ಜೆ ಬದಲಿಸಿದಂತೆ. ಬೀಳಲಿಲ್ಲ. ನಿಂತಲ್ಲೇ ಸಣ್ಣದಾಗುತ್ತ, ಮೈಯಿಂದ ಹಾಲಿನಂಥ ಬಿಳುಪನ್ನು ಬಿಡುತ್ತ, ನೀರು ಅದರ ಮಟ್ಟಕ್ಕೆ ಏರುವ ಹೊತ್ತಿಗೆ ಅಲ್ಲಿ ಆಕಾರ ಇರಲಿಲ್ಲ. ಬಿಳಿಯ ಒಂದು ಮೋಡ ನೀರಿನೊಳಗೆ ಸುತ್ತಿಕೊಂಡು, ಒಂದು ಸಲ ಜಾಲರಿಯ ಬೆನ್ನಿಗೆ ಬಂದು ತಾಗಿ, ಆಮೇಲೆ ಕಾಲುವೆಯಲ್ಲಿ ಕೆಳಮುಖವಾಗಿ ಹೊರಟಿತು.

ಮುದುಕಿ ಕೋಲೂರಿ ಎದ್ದಳು. ಮೋಡ ಹೋಗುತ್ತಿದ್ದ ಕಡೆಗೆ ದಂಡೆಯ ಮೇಲೆ ನಡೆಯತೊಡಗಿದಳು. ಮಂಡಿನೋವಿನ ಹೆಂಗಸು ಅಷ್ಟು ಬೇಗ ನಡೆಯುತ್ತಾಳೆಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ. ನೀರಿನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದಳು.

ಸೊಸೆ ಅವಳ ಹಿಂದೆ ಹೋಗಲು ತಿರುಗಿದಳು. ಅಷ್ಟರಲ್ಲಿ ಕಾಲಡಿಯ ಹಲಗೆ ನಡುಗಿತು. ಐದನೆಯ ಜಾಲರಿ ನೀರು ಎಳೆಯತೊಡಗಿತ್ತು. ಎರಡು ದಿನದಿಂದ ಗೇಟಿನ ಹೊರಗೆ ಕಾದು ಕೂತ ಕಸವೆಲ್ಲ ದಂಡೆತ್ತಿ ಬರುತ್ತಿತ್ತು. ಈಗ ಬಿಟ್ಟುಹೋದರೆ ಐದೂ ಮುಚ್ಚಿಹೋಗುತ್ತವೆ. ಅವಳು ಕೋಲು ಇಳಿಸಿ ಎಳೆದಳು, ಮತ್ತೆ ಇಳಿಸಿದಳು, ಎಳೆದಳು. ನಡುವೆ ಒಮ್ಮೆ ತಲೆ ಎತ್ತಿದಾಗ ಅತ್ತೆ ತಿರುವಿನ ಹತ್ತಿರ ತಲುಪಿದ್ದಳು. ಬಿಳುಪು ಅಲ್ಲಿಗೆ ತೆಳ್ಳಗಾಗಿರಬೇಕು, ಮುದುಕಿ ನಿಂತಿದ್ದಳು. ನೀರಿನ ಕಡೆ ಬಗ್ಗಿ, ಕೈ ಆಡಿಸುತ್ತ, ಯಾರಿಗೋ ಏನನ್ನೋ ವಿವರವಾಗಿ ಹೇಳುತ್ತಿದ್ದಳು. ನಡುನಡುವೆ ಸುಮ್ಮನಾಗುತ್ತಿದ್ದಳು, ಎದುರಿನವರಿಗೆ ಮಾತಾಡಲು ಬಿಟ್ಟವಳಂತೆ.

ನೀರಿನ ಸದ್ದಿಗೆ ಇಲ್ಲಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.